ಫ್ಯಾನ್ ದೊಡ್ಡದಾದರೂ ಅಡಿಕೆ ಯಾಕೆ ಬೇಗ ಒಣಗಲಿಲ್ಲ?

ಪ್ರಶ್ನೆ: ಚಾಲಿ ಅಡಿಕೆ (ಸಿಪ್ಪೆ ಸಮೇತ ಇಡಿಯಾಗಿ ಒಣಗಿಸುವ ಹಣ್ಣಡಿಕೆ) ಒಣಗಿಸುವ ಡ್ರೈಯರ್‌ಗೆ ಈ ಸಲ ದೊಡ್ಡ ಫ್ಯಾನ್ ಹಾಕಿಸಿದೆ. ಶುರುವಿನಲ್ಲಿ ಬೇಗ ಒಣಗುತ್ತಾ ಬಂತು. ಆಮೇಲೆ ಹಳೇ ಫ್ಯಾನಿಗೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಕರೆಂಟ್ ಬಿಲ್ ಮಾತ್ರ ಏರಿತು. ಫ್ಯಾನೇ ಸರಿಯಿಲ್ವಾ?
– ಓದುಗರೊಬ್ಬರು, ಪುತ್ತೂರು

ಉತ್ತರ: ಫ್ಯಾನ್ ಸರಿಯಾಗಿಯೇ ಇದೆ. ಅದರ ಕೆಲಸ ಮುಗಿದ ಮೇಲೂ ಜೋರಾಗಿ ಓಡಿಸಿದ್ದೀರಿ, ಅಷ್ಟೇ.

ನಾನು ಔಷಧ ಕಾರ್ಖಾನೆಯ ಡ್ರೈಯರ್‌ಗಳ ಮುಂದೆಯೇ ತಲೆ ನರೆಸಿಕೊಂಡವನು. ಅಲ್ಲಿ ಟ್ರೇಗಳಲ್ಲಿ ಹಸಿ ಪುಡಿ ಹರಡಿ, ಬಿಸಿ ಗಾಳಿ ಬಿಟ್ಟು, ಆಗಾಗ ಸ್ಯಾಂಪಲ್ ತೆಗೆದು ತೇವ ನೋಡುತ್ತಿದ್ದೆವು. ಹೊತ್ತು ಕಳೆದಂತೆ ಆ ತೇವ ಇಳಿಯುವ ಗ್ರಾಫಿನ ಗೆರೆ ಮೊದಲು ನೇರ ಕೆಳಗಿಳಿಯುತ್ತದೆ. ಒಂದು ಕಡೆ ಬಗ್ಗುತ್ತದೆ. ಆಮೇಲೆ ಎಳೆದರೂ ಬಾರದ ಎಮ್ಮೆಯ ಹಾಗೆ ಮಲಗಿಬಿಡುತ್ತದೆ. ಹೊಸ ಹುಡುಗರು ಅಲ್ಲಿಗೆ ಬಂದ ಕೂಡಲೇ ಬ್ಲೋವರ್ ಜಾಸ್ತಿ ಮಾಡುತ್ತಿದ್ದರು. ಗೆರೆ ಅಲ್ಲಾಡುತ್ತಿರಲಿಲ್ಲ.

ಮೇಲ್ಮೈ ಒದ್ದೆ ಇರುವಾಗ ಅದಕ್ಕೆ ಅಂಟಿಕೊಂಡು ತೆಳುವಾದ ಗಾಳಿಯ ಪದರ ಇರುತ್ತದೆ. ಆವಿ ಅದನ್ನು ದಾಟಿ ಹೋಗಬೇಕು. ಫ್ಯಾನ್ ಆ ಪದರವನ್ನು ಇನ್ನಷ್ಟು ತೆಳು ಮಾಡುತ್ತದೆ, ಒಣಗುವುದು ಬೇಗ ಆಗುತ್ತದೆ. ಮೇಲ್ಮೈ ಒಣಗಿದ ಮೇಲೆ ನೀರು ಒಳಗಿನಿಂದ ತಾನಾಗಿ ತೆವಳಿಕೊಂಡು ಬರಬೇಕು. ಇದೇ ಡಿಫ್ಯೂಷನ್. ಗಾಳಿಯಲ್ಲಿ ಆವಿ ಹರಡುವುದಕ್ಕೆ ಹೋಲಿಸಿದರೆ ದ್ರವದೊಳಗೆ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಗಟ್ಟಿ ಅಡಿಕೆಯೊಳಗೆ ಇನ್ನೂ ನಿಧಾನ. ಹೊರಗೆ ಎಷ್ಟು ಗಾಳಿ ಬೀಸಿದರೂ ಒಳಗಿನ ನೀರಿಗೆ ಅದರ ಸುದ್ದಿಯೇ ಇಲ್ಲ!

ಇದರ ಲೆಕ್ಕವನ್ನು 1855ರಲ್ಲಿ ಅಡಾಲ್ಫ್ ಫಿಕ್ ಕೊಟ್ಟ. ತಮಾಷೆ ಅಂದರೆ ಆತ ಎಂಜಿನಿಯರ್ ಅಲ್ಲ, ವೈದ್ಯಶಾಸ್ತ್ರ ಓದಿದವನು. ಶಾಖ ಹರಿಯುವುದಕ್ಕೆ ಫ್ರೆಂಚ್ ಗಣಿತಜ್ಞ ಫೂರಿಯೆ ಬರೆದಿದ್ದ ಸಮೀಕರಣವನ್ನೇ ಉಪ್ಪು ನೀರಿನಲ್ಲಿ ಹರಡುವುದಕ್ಕೆ ಹೊಂದಿಸಿದ. ಅದರಿಂದ ನಿಮಗೆ ಬೇಕಾದ ಮಾತು ಒಂದೇ: ದಪ್ಪ ಅರ್ಧ ಆದರೆ ಸಮಯ ಅರ್ಧ ಅಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹೋಳು ಮಾಡಿದ ಅಡಿಕೆ ಅಷ್ಟು ಬೇಗ ಒಣಗುವುದಕ್ಕೆ ಇದೂ ಕಾರಣ. ಆದರೆ ಚಾಲಿಗೆ ಇಡೀ ಅಡಿಕೆಯೇ ಬೇಕು, ಅಲ್ವಾ? ಹಾಗಾಗಿ ಆ ದಾರಿ ನಿಮಗಿಲ್ಲ.

ಉಳಿದದ್ದು ಬಿಸಿ. ಬಿಸಿ ಏರಿದರೆ ಒಳಗಿನ ನೀರೂ ಚುರುಕಾಗುತ್ತದೆ. ಹಾಗಂತ ಸುಮ್ನೆ ಬೆಂಕಿ ಏರಿಸಬೇಡಿ. ಹೊರಗೆ ಬಿಗಿದುಕೊಂಡು ಒಳಗೆ ಹಸಿ ಉಳಿದೀತು. ಸಿಪ್ಪೆ ಒಣಗಿತು ಅನ್ನಿಸಿದ ಮೇಲೆ ಫ್ಯಾನ್ ಇಳಿಸಿ, ಹದವಾದ ಬಿಸಿ ಒಂದೇ ಸಮ ಇಡಿ. ಅರ್ಧ ಒಣಗಿದ ಮೇಲೆ ರಾತ್ರಿ ಡ್ರೈಯರ್ ನಿಲ್ಲಿಸಿದರೂ ನಷ್ಟವಿಲ್ಲ. ಒಳಗಿನ ತೇವ ಆ ಹೊತ್ತಿಗೆ ಹೊರಗೆ ಬಂದು ಕೂರುತ್ತದೆ, ಬೆಳಿಗ್ಗೆ ಮತ್ತೆ ಗಾಳಿಗೆ ಕೆಲಸ ಸಿಗುತ್ತದೆ. ಪೂರ್ತಿ ಹಸಿ ಇದ್ದಾಗ ಮಾತ್ರ ನಿಲ್ಲಿಸಬೇಡಿ, ಬೂಷ್ಟು ಹಿಡಿಯುತ್ತದೆ.