ಸೇಬಿನ ರಸ ತಿಳಿಯಾಗದಿರಲು ಕಾರಣ

ಕುದಿಸಿದ ಸೇಬಿನ ರಸ ಬಿಸಿ ಇರುವಾಗಲೇ ಪೆಕ್ಟಿನೇಸ್ (ರಸವನ್ನು ಮಬ್ಬಾಗಿಸುವ ಪೆಕ್ಟಿನ್ ಎಂಬ ಹಣ್ಣಿನ ಅಂಟನ್ನು ಒಡೆಯುವ ಕಿಣ್ವ) ಹಾಕಿದ್ದೀರಿ, ರಾತ್ರಿಯಿಡೀ ಬಿಟ್ಟರೂ ಮಬ್ಬು ಹೋಗಿಲ್ಲ ಅಂದಿದ್ದೀರಿ. ಕಿಣ್ವವೂ ಪ್ರೋಟೀನೇ; ಅಷ್ಟು ಶಾಖಕ್ಕೆ ಅದರ ರಚನೆ ಕೆಟ್ಟುಹೋಗುತ್ತದೆ, ಆರಿದ ಮೇಲೂ ಸರಿಹೋಗುವುದಿಲ್ಲ. ರಸವನ್ನು 45–50 ಡಿಗ್ರಿ ಸೆಲ್ಸಿಯಸ್‌ಗೆ ತಂದು ಹೊಸದಾಗಿ ಪೆಕ್ಟಿನೇಸ್ ಬೆರೆಸಿ, ಒಂದೆರಡು ಗಂಟೆ ಅದೇ ಶಾಖದಲ್ಲಿಡಿ. ಪ್ರಮಾಣ ಪೊಟ್ಟಣದ ಮೇಲೆ ಬರೆದಷ್ಟೇ ಇರಲಿ, ಒಂದೊಂದರ ಶಕ್ತಿ ಒಂದೊಂದು ಥರ.

ಆಮೇಲೆ ಒಂದು ಚಮಚ ರಸಕ್ಕೆ ಎರಡು ಚಮಚ ಆಲ್ಕೊಹಾಲ್ ಸೇರಿಸಿ ನೋಡಿ (ಕುಡಿಯಬೇಡಿ, ಚೆಲ್ಲಿಬಿಡಿ). ಲೋಳೆಯಂಥ ಎಳೆಗಳು ತೇಲಿದರೆ ಪೆಕ್ಟಿನ್ ಇನ್ನೂ ಉಳಿದಿದೆ, ಮತ್ತಷ್ಟು ಹೊತ್ತು ಬಿಡಿ. ಎಳೆ ಕಾಣದೆಯೂ ಮಬ್ಬಿದ್ದರೆ ನನ್ನ ಅನುಮಾನ ಪಿಷ್ಟದ ಮೇಲೆ. ಸರಿಯಾಗಿ ಮಾಗದ ಸೇಬಿನಲ್ಲಿ ಅದು ಜಾಸ್ತಿ. ಬೇರೆ ಲೋಟದಲ್ಲಿ ತಣ್ಣನೆಯ ರಸಕ್ಕೆ ಒಂದು ಹನಿ ಅಯೋಡಿನ್ ಹಾಕಿ. ನೀಲಿಯಾದರೆ ಹುಳಿಯಲ್ಲೂ ಕೆಲಸ ಮಾಡುವ ಅಮೈಲೇಸ್ (ಪಿಷ್ಟ ಒಡೆಯುವ ಕಿಣ್ವ) ಬೇಕು, ಪೆಕ್ಟಿನೇಸ್ ಎಷ್ಟು ಸುರಿದರೂ ಪಿಷ್ಟ ಕರಗದು.