‘ಇಲ್ಲ’ ಅನ್ನದ ಮಾಸ್ತರರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಧಾರವಾಡ ಸೀಮೆಯ ಒಂದು ತಾಲೂಕು ಊರಿನ ಹೈಸ್ಕೂಲ್ ಮಾಸ್ತರರು, ವಯಸ್ಸು ಐವತ್ತರ ಹತ್ತಿರ. ಅವರನ್ನು ಆಪ್ತಸಲಹೆಗೆಂದು ನನ್ನ ಹತ್ತಿರ ಕರೆತಂದದ್ದು ಹೆಂಡತಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಕೈ ಎತ್ತಿದವರೂ ಅಲ್ಲ. ಹಾಗಾದರೆ ತೊಂದರೆ ಏನು ಎಂದು ಕೇಳಿದೆ. “ಇವರು ಭಾಳ ಒಳ್ಳೇವ್ರು ಅದಾರ್ರೀ, ಅದ ತ್ರಾಸು,” ಎಂದರು. ಹೇಳುವಾಗ ಅವರ ಮುಖದಲ್ಲಿ ನಗುವಿರಲಿಲ್ಲ.

ಮಾಸ್ತರರು ಮೂವರ ಸಾಲಕ್ಕೆ ಜಾಮೀನು ನಿಂತಿದ್ದರು. ನೌಕರರ ಸೊಸೈಟಿಯಲ್ಲಿ ಸಾಲ ತೆಗೆದ ಇಬ್ಬರು ಕಂತು ನಿಲ್ಲಿಸಿದ್ದರಿಂದ ಅದು ಇವರ ಪಗಾರದಲ್ಲೇ ಕಡಿತವಾಗುತ್ತಿತ್ತು. ಮೂರನೆಯದು ಬ್ಯಾಂಕಿನದು, ನೋಟಿಸು ಬಂದಿತ್ತು. ಆ ಸಾಲ ತೆಗೆದಾತ ಹೊಸ ಕಾರಿನಲ್ಲಿ ಓಡಾಡುತ್ತಾನೆ. ಎದುರಾದರೆ “ಮುಂದಿನ ತಿಂಗಳು ನೋಡೂಣ್ರೀ ಸರ್” ಅನ್ನುತ್ತಾನೆ. ಇವರು “ಇರಲಿ ಬಿಡಪಾ” ಅನ್ನುತ್ತಾರೆ. ಮಗಳಿಗೆ ಸಿಇಟಿಯಲ್ಲಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನ ಸೀಟು ಸಿಕ್ಕಿತ್ತು. ಫೀಗೆಂದು ತೆಗೆದಿಟ್ಟ ಹಣ ಯಾರದೋ ಬಾಕಿಗೆ ಹೋಗಿದೆ ಎಂಬುದು ಮನೆಯವರಿಗೆ ಗೊತ್ತಾದದ್ದು ಫೀ ಕಟ್ಟುವ ಕೊನೆಯ ದಿನ. ಹುಡುಗಿ ಈಗ ಊರಲ್ಲೇ ಬಿಎಸ್ಸಿ ಓದುತ್ತಿದ್ದಾಳೆ, ಅಪ್ಪನ ಜತೆ ಮಾತು ಬಿಟ್ಟಿದ್ದಾಳೆ.

“ನಾ ಯಾರಿಗೂ ಕೆಟ್ಟದ್ದು ಮಾಡಿಲ್ರೀ. ಬೇಕಾದ್ರ ಊರಾಗ ಕೇಳ್ರಿ,” ಎಂದರು ಮಾಸ್ತರರು. ಊರನ್ನೇಕೆ ಕೇಳಬೇಕು, ಹೆಂಡತಿ ಪಕ್ಕದಲ್ಲೇ ಕೂತಿದ್ದರಲ್ಲ!

ಒಬ್ಬರನ್ನೇ ಕೂರಿಸಿಕೊಂಡಾಗ ಬೇರೆ ಸಂಗತಿ ಹೊರಬಂತು. ಅವರ ಅಪ್ಪ ಓಸಿ ಜೂಜಿನ ಚಟಕ್ಕೆ ಬಿದ್ದು, ಊರ ತುಂಬ ಕೈಗಡ ಮಾಡಿ, ಒಂದು ರಾತ್ರಿ ಹೇಳದೆ ಕೇಳದೆ ಹೋದವರು. ಏಳನೇ ಕ್ಲಾಸಿನ ಹುಡುಗ ಬೆಲ್ಲ ತರಲು ಹೋದಾಗ ಕಿರಾಣಿ ಅಂಗಡಿಯವನು ನಾಲ್ಕು ಜನರೆದುರು, “ನೀನೂ ನಿಮ್ಮಪ್ಪನ ಹಂಗ ಟೊಪ್ಪಿಗಿ ಹಾಕಾಂವ ಏನು?” ಎಂದಿದ್ದ. ಅಂದಿನಿಂದ ಅಂಥವನ ಮಗ ಅನ್ನಿಸಿಕೊಳ್ಳದೆ ಬದುಕುವುದೇ ಇವರ ವ್ರತವಾಯಿತು. “ಸಹಿ ಹಾಕದಿದ್ದರೆ ಏನಾಗುತ್ತದೆ?” ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ಮಾರಿ ಸಣ್ಣ ಮಾಡ್ತಾರ್ರೀ. ನನಗ ಅದನ್ನ ನೋಡಾಕ ಆಗೂದಿಲ್ಲ,” ಎಂದರು.

ಇವರ ಒಳ್ಳೆಯತನವೆಲ್ಲ ಸೋಗು ಎಂದು ನಾನು ಹೇಳಲಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದರೆ ಬೆಳಗಿನ ಆರಕ್ಕೇ ಶಾಲೆಗೆ ಹೋಗಿ, ಟ್ಯೂಷನ್ನಿಗೆ ಗತಿಯಿಲ್ಲದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ನಿದ್ದೆ ಅವರದು, ಶ್ರಮ ಅವರದು, ಕೊಡುವ ಹಕ್ಕೂ ಅವರದೇ. ಜಾಮೀನಿನ ಕಥೆ ಹಾಗಲ್ಲ. ಅಲ್ಲಿ ಹೆಸರು ಇವರಿಗೆ ಬರುತ್ತಿತ್ತು, ಬೆಲೆಯನ್ನು ಹೆಂಡತಿ ಮಕ್ಕಳು ತೆರುತ್ತಿದ್ದರು, ಅದೂ ಅವರನ್ನು ಒಂದು ಮಾತು ಕೇಳದೆ. ಇನ್ನೊಂದನ್ನು ಹೆಂಡತಿಯೇ ಗಮನಕ್ಕೆ ತಂದರು: ಹೊರಗೆ ಆಡಲಾಗದ ‘ಇಲ್ಲ’ಗಳನ್ನೆಲ್ಲ ಮಾಸ್ತರರು ಮನೆಗೆ ತಂದು ಆಡುತ್ತಿದ್ದರು. ತವರಿನ ಮದುವೆಗೆ ಸೀರೆ? ಇಲ್ಲ. ಮಗನ ಶಾಲಾ ಪ್ರವಾಸ? ಇಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಸಿಡುಕು.

ಸಲಹೆಯನ್ನು ಕಾನೂನಿನಿಂದಲೇ ಶುರುಮಾಡಬೇಕಾಯಿತು. ಏಕೆಂದರೆ ಜಾಮೀನನ್ನು ಅವರು ಬರಿಯ ಸಾಕ್ಷಿ ಸಹಿ ಎಂದು ತಿಳಿದಿದ್ದರು. (ಗಣಿತದ ಮಾಸ್ತರರೇ ಹೀಗಾದರೆ ಉಳಿದವರ ಪಾಡೇನು?) 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನುವಂತಿಲ್ಲ. ಆದರೆ ಕಟ್ಟಿದ್ದನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು 145ನೇ ಕಲಮಿನಲ್ಲಿದೆ. ಜತೆಗೆ ಸಹಿ ಹಾಕಿದ ಇನ್ನೊಬ್ಬ ಜಾಮೀನುದಾರನಿದ್ದರೆ ಅವನೂ ಪಾಲು ಕೊಡಬೇಕು, ಅದು 146. ವಸೂಲಿಗೆ ದಾವೆ ಹಾಕಲು ಕಟ್ಟಿದ ದಿನದಿಂದ ಮೂರು ವರ್ಷದ ಗಡುವು. “ಇರಲಿ ಬಿಡಪಾ” ಎಂದಷ್ಟೂ ಆ ಗಡುವು ಸವೆಯುತ್ತದೆ ಎಂದಾಗ ಮಾಸ್ತರರು ಮೊದಲ ಬಾರಿ ಪೆನ್ನು ತೆಗೆದು ಬರೆದುಕೊಂಡರು. ಪಗಾರ ಸ್ಲಿಪ್ಪುಗಳನ್ನು ಜೋಡಿಸಿಕೊಂಡು ವಕೀಲರನ್ನು ಕಾಣಲು ಹೇಳಿದೆ.

ಮುಂದಿನದು ‘ಇಲ್ಲ’ ಅನ್ನುವ ಅಭ್ಯಾಸ. “ಮನ್ಯಾಗ ಒಪ್ಪೂದಿಲ್ಲ ಅಂತ ಹೇಳ್ಲೇನ್ರೀ?” ಎಂದರು. ಅದು ಕೂಡದು ಎಂದೆ. ಆ ಮಾತಿನಲ್ಲಿ ಒಳ್ಳೆಯವನ ಪಟ್ಟ ಇವರ ತಲೆಯ ಮೇಲೇ ಉಳಿಯುತ್ತದೆ, ಕೆಟ್ಟ ಹೆಸರು ಮಾತ್ರ ಹೆಂಡತಿಯ ಪಾಲಿಗೆ. “ನನ್ನಿಂದ ಆಗೂದಿಲ್ಲಪಾ” ಅಂದರೆ ಸಾಕು, ಕಾರಣ ಸೇರಿಸಬೇಡಿ. ಕಾರಣ ಕೊಟ್ಟರೆ ಎದುರಿನವರು ಅದಕ್ಕೊಂದು ಪರಿಹಾರ ಹಿಡಿದುಕೊಂಡು ಮತ್ತೆ ಬರುತ್ತಾರೆ. ಕೋಣೆಯಲ್ಲೇ ನಾನು ಸಾಲ ಕೇಳುವವನಾಗಿ ಮಾರಿ ಸಣ್ಣ ಮಾಡಿ ಕೂತೆ. ಅಷ್ಟಕ್ಕೇ ಮಾಸ್ತರರು ಬೆವರಿದರು.

ಹೆಂಡತಿಗೂ ಒಂದು ಮಾತು ಹೇಳಿದೆ: ಪಗಾರದ ಲೆಕ್ಕವನ್ನು ತಿಂಗಳಿಗೊಮ್ಮೆ ಇಬ್ಬರೂ ಕೂತು ನೋಡಿ, ಮಕ್ಕಳೆದುರು “ನಿಮ್ಮಪ್ಪ ದೊಡ್ಡ ಧರ್ಮರಾಯ” ಎಂದು ಹಂಗಿಸುವುದನ್ನು ಬಿಡಿ. ಮಾಸ್ತರರಿಗೆ ನಿದ್ದೆ ಕೆಟ್ಟು ತಿಂಗಳುಗಳಾಗಿದ್ದವು, ಹಾಗಾಗಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಮಗಳ ವಿಷಯ. ಅವಳ ಕ್ಷಮೆ ಕೇಳಿ, ಆದರೆ ನಿಮ್ಮ ಅಪ್ಪನ ಕಥೆ ಹೇಳಬೇಡಿ ಎಂದೆ. ಆ ಕಥೆ ಕೇಳಿದರೆ ಅವಳೇ ಇವರನ್ನು ಸಮಾಧಾನ ಮಾಡಬೇಕಾಗುತ್ತದೆ.

ವಕೀಲರ ನೋಟಿಸು ತಲುಪಿದ ಮೇಲೆ ಕಾರಿನವನು ಬ್ಯಾಂಕಿಗೆ ಸ್ವಲ್ಪ ಹಣ ಕಟ್ಟಿದ್ದಾನೆ. ಸೊಸೈಟಿಯ ಕಡಿತ ನಿಂತಿಲ್ಲ. ಇನ್ನೊಬ್ಬ ಜಾಮೀನುದಾರನನ್ನು ಇವರು ಈವರೆಗೂ ಕೇಳಿಲ್ಲ. “ಅವರ ಮನ್ಯಾಗ ಮದುವಿ ಐತ್ರೀ” ಅನ್ನುತ್ತಾರೆ. ಸೋದರತ್ತೆಯ ಮಗನಿಗೆ ಮಾತ್ರ ಸಹಿ ಹಾಕಲು ಒಪ್ಪಲಿಲ್ಲವಂತೆ. ಅವರು ಗೃಹಪ್ರವೇಶಕ್ಕೆ ಇವರನ್ನು ಕರೆಯಲಿಲ್ಲ.

ಕ್ಷಮೆ ಕೇಳಿದಾಗ ಮಗಳು “ಆವತ್ತ ಯಾಕ ಹೇಳ್ಲಿಲ್ಲ?” ಎಂದಷ್ಟೇ ಕೇಳಿ ಎದ್ದು ಹೋದಳಂತೆ. ಮುಂದಿನ ಭೇಟಿಗೆ ಬರುತ್ತೇನೆಂದು ಅಮ್ಮನ ಕೈಯಲ್ಲಿ ಹೇಳಿ ಕಳಿಸಿದ್ದಾಳೆ. ಅಪ್ಪ ಕೋಣೆಯೊಳಗೆ ಇರಬಾರದು ಎಂಬ ಷರತ್ತಿಗೆ ನಾನು ಒಪ್ಪಿದ್ದೇನೆ.