ವಯಸ್ಸಾದ ಬೆಕ್ಕಿನ ಹೊಟ್ಟೆಯ ಕೂದಲು ಉದುರಿ ಚರ್ಮ ಹೊಳೆಯುತ್ತಿದ್ದರೆ

ನಮಸ್ಕಾರ. ನಿಮ್ಮ 12 ವರ್ಷದ ಬೆಕ್ಕಿನ ಹೊಟ್ಟೆಯ ಕೂದಲು ಕೆಲವೇ ವಾರಗಳಲ್ಲಿ ಉದುರಿದೆ, ಮೈ ಇಳಿದಿದೆ, ಇದನ್ನು ಅಲರ್ಜಿಯೆಂದು ತಿಳಿದು ಸ್ಟೀರಾಯ್ಡ್ ಕೊಡಿಸಬಹುದೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ, ಮೊದಲು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅಲರ್ಜಿಯಿಂದ ಅತಿಯಾಗಿ ನೆಕ್ಕಿಕೊಳ್ಳುವ ಬೆಕ್ಕಿನ ಹೊಟ್ಟೆಯ ಮೇಲೆ ಬೆರಳಾಡಿಸಿದರೆ ತುಂಡಾದ ಕೂದಲಿನ ಬುಡಗಳು ಒರಟಾಗಿ ತಾಗುತ್ತವೆ, ಪಕ್ಕದ ಕೂದಲು ಎಳೆದರೂ ಸುಲಭವಾಗಿ ಬರುವುದಿಲ್ಲ. ನಿಮ್ಮ ಚಿತ್ರದಲ್ಲಿ ಚರ್ಮ ಎಣ್ಣೆ ಸವರಿದಂತೆ ನುಣುಪಾಗಿ ಹೊಳೆಯುತ್ತಿದೆ, ಮುಟ್ಟಿದರೆ ಕೂದಲು ಗೊಂಚಲಾಗಿ ಕೈಗೆ ಬರುತ್ತದೆ ಎಂದೂ ಬರೆದಿದ್ದೀರಿ. ವಯಸ್ಸಾದ ಬೆಕ್ಕಿನಲ್ಲಿ ಇವೆರಡೂ ತೂಕದ ಇಳಿಕೆಯ ಜೊತೆಗೆ ಕಂಡರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು, ಅಪರೂಪಕ್ಕೆ ಪಿತ್ತನಾಳದ ಕ್ಯಾನ್ಸರನ್ನು ಶಂಕಿಸಲೇಬೇಕು. ಗಡ್ಡೆ ಇರುವುದು ಚರ್ಮದಲ್ಲಲ್ಲ. ಅದರ ಪರಿಣಾಮವಾಗಿ ಕೂದಲಿನ ಬೇರುಗಳು ಕುಗ್ಗಿ, ಚರ್ಮದ ಮೇಲ್ಪದರ ಕಳಚಿಹೋಗುವುದರಿಂದ ಆ ಹೊಳಪು ಬರುತ್ತದೆ. ಪಾದಗಳ ಮೆತ್ತೆಗಳನ್ನೂ ತಿರುಗಿಸಿ ನೋಡಿ: ಅವು ಒಣಗಿ ಬಿರುಕು ಬಿಟ್ಟಿದ್ದರೆ, ನಡೆಯಲು ಬೆಕ್ಕು ಹಿಂಜರಿಯುತ್ತಿದ್ದರೆ ಶಂಕೆ ಬಲವಾಗುತ್ತದೆ. ಚರ್ಮ ತೆಳುವಾಗಿ ಸುಲಭವಾಗಿ ಹರಿಯುತ್ತಿದ್ದರೆ ಮಾತ್ರ ಕಾರಣ ಬೇರೆಯಿರಬಹುದು, ಅದನ್ನೂ ವೈದ್ಯರಿಗೆ ತಿಳಿಸಿ.

ಚರ್ಮದ ಬಯಾಪ್ಸಿ ಈ ರೋಗವನ್ನು ಗುರುತಿಸಲು ನೆರವಾಗುತ್ತದೆ, ಆದರೆ ಸ್ಟೀರಾಯ್ಡ್ ಮೊದಲೇ ಕೊಟ್ಟಿದ್ದರೆ ಫಲಿತಾಂಶ ಮಸುಕಾಗಬಹುದು. ಪತ್ತೆಯಾಗುವ ಹೊತ್ತಿಗೆ ಈ ಕ್ಯಾನ್ಸರ್ ಬಹಳ ಸಲ ಯಕೃತ್ತಿಗೆ ಹರಡಿರುತ್ತದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಹಾಗಿದ್ದರೂ ತಿಳಿದುಕೊಳ್ಳುವುದು ವ್ಯರ್ಥವಲ್ಲ, ಏಕೆಂದರೆ ನೋವು ಕಡಿಮೆ ಮಾಡುವ ಚಿಕಿತ್ಸೆಯನ್ನು ಆಗ ಸಕಾಲದಲ್ಲಿ ಆರಂಭಿಸಬಹುದು.

ಇದೇ ಗುಂಪಿನಲ್ಲಿ ಇನ್ನೊಬ್ಬರು ತಮ್ಮ ಬೆಕ್ಕಿನ ತಲೆ, ಕಿವಿ, ಕುತ್ತಿಗೆಯಿಂದ ಹೊಟ್ಟು ಉದುರುತ್ತಿದೆ, ತುರಿಕೆ ಮಾತ್ರ ಇಲ್ಲ ಎಂದಿದ್ದಾರೆ. ಅದು ಬೇರೆಯೇ ವಿಷಯ. ಹುಳುಕಡ್ಡಿ ಮತ್ತು ನುಸಿಗಳ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಎದೆಯ ಎಕ್ಸ್‌ರೇ ತೆಗೆಸಬೇಕು. ಎದೆಯೊಳಗಿನ ಥೈಮಸ್ ಗ್ರಂಥಿಯ ಗಡ್ಡೆಯಾದ ಥೈಮೋಮಾ ಹೀಗೆ ಕಾಣಿಸಿಕೊಳ್ಳುವುದುಂಟು, ಕೆಮ್ಮು ಉಬ್ಬಸ ಇಲ್ಲದೆಯೂ. ಇಲ್ಲಿ ಭರವಸೆ ಹೆಚ್ಚು: ಗಡ್ಡೆಯನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದರೆ ಚರ್ಮ ತಾನಾಗಿಯೇ ಸರಿಹೋಗಬಹುದು. ಗಡ್ಡೆಯೇ ಇಲ್ಲದೆ ಇದೇ ಬಗೆಯ ಚರ್ಮರೋಗ ಬರುವುದೂ ಉಂಟು, ಆದ್ದರಿಂದ ಎಕ್ಸ್‌ರೇಗೆ ಮುಂಚೆ ಎದೆಗುಂದಬೇಡಿ.

ನಿಮ್ಮ ಬೆಕ್ಕು ಒಂದು ಇಡೀ ದಿನ ಏನನ್ನೂ ಮುಟ್ಟದಿದ್ದರೆ ಪರೀಕ್ಷೆಗೆ ಗೊತ್ತುಮಾಡಿದ ದಿನದವರೆಗೆ ಕಾಯದೆ ಕೂಡಲೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು, ಅದೇ ಪ್ರಾಣಾಪಾಯಕ್ಕೆ ಕಾರಣವಾಗಬಹುದು.